ಮಾಲ್ಟಾದ ಮೊಲದ ನಾಯಿ

ಇದರಲ್ಲಿ ಯಾರ ಹೆಸರನ್ನೂ ಹಾಕುವುದಿಲ್ಲವೆಂದು ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ಆದ್ದರಿಂದ ನಾಯಿಯ ಹೆಸರನ್ನೂ ಹಾಕುವುದಿಲ್ಲ. ಕಾಪುವಿನಲ್ಲಿ ಮನೆಮನೆಗೆ ಮೀನು ತರುತ್ತಿದ್ದ ಒಬ್ಬ ಬ್ಯಾರಿ ಮುಸ್ಲಿಂ ಸಾಹೇಬರ ಮೇಲೆ ನಾನು ಹೊರಿಸಿದ ಸುಳ್ಳಿನ ವಿಷಯ ಇದು. ಆದರೆ ನಾಯಿಯಿಂದ ಪ್ರಾರಂಭಿಸದೆ ಆ ಸುಳ್ಳನ್ನು ವಿವರಿಸಲು ನನಗೆ ಬರುವುದಿಲ್ಲ.

ನನ್ನ ಭಾವ, ಅಂದರೆ ಅಕ್ಕನ ಗಂಡ, ಹಡಗಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದರು. ವರ್ಷದಲ್ಲಿ ಹತ್ತು ತಿಂಗಳು ಸಮುದ್ರದ ಮೇಲೆ, ಎರಡು ತಿಂಗಳು ಕಾಪುವಿನ ಮನೆಯಲ್ಲಿ. ಹೀಗೆ ಗಂಡಸರು ಹಡಗಿಗೆ ಹೋದ ಮನೆಗಳಲ್ಲಿ ಹೆಂಡತಿಯ ತಮ್ಮನೋ ಅಣ್ಣನೋ ಬಂದು ಉಳಿಯುವುದು ನಮ್ಮ ಕ್ರಿಶ್ಚಿಯನ್ನರಲ್ಲಿ ಇತ್ತು. ನಾನು ಉಡುಪಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಉದ್ಯಾವರದ ಒಂದು ಹಂಚಿನ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ರೈಟರ್ ಆಗಿ ಸೇರಿದ್ದೆ. ಅಕ್ಕನ ಮನೆಯಲ್ಲೇ ಊಟ, ಅಲ್ಲೇ ನಿದ್ದೆ. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ ಅದು.

ಒಂದು ಕ್ರಿಸ್ಮಸ್ಸಿಗೆ ಭಾವ ಬೆತ್ತದ ಬುಟ್ಟಿಯಲ್ಲಿ ಒಂದು ನಾಯಿಮರಿಯನ್ನು ತಂದರು. ಅವರ ಹಡಗು ಮಾಲ್ಟಾ ಎಂಬ ದ್ವೀಪದಲ್ಲಿ ನಿಲ್ಲುತ್ತಿತ್ತು. ಅಲ್ಲಿಯ ಒಬ್ಬ ರೈತನ ಸ್ನೇಹ ಬೆಳೆದು, ಆತ ಕೊಟ್ಟ ಮರಿಯಂತೆ. ಅಲ್ಲಿಂದ ಮುಂಬಯಿ, ಮುಂಬಯಿಯಿಂದ ಬಸ್ಸುಗಳಲ್ಲಿ ಕಾಪು. ದಾರಿಯುದ್ದಕ್ಕೂ ತಮ್ಮ ಹಾಸಿಗೆಯೊಳಗೇ ಅದನ್ನು ಮಲಗಿಸಿಕೊಂಡು ಬಂದಿದ್ದರು. ಮರಿಯನ್ನು ನೋಡಿದ ಅಕ್ಕ ಮೊದಲು ಹೇಳಿದ್ದು, ಇದಕ್ಕೆ ಕಿವಿ ಮಾತ್ರ ಬೆಳೆದಿದೆ, ನಾಯಿ ಇನ್ನೂ ಬೆಳೆಯಲಿಕ್ಕುಂಟು ಎಂದು. ನಿಜವಾಗಿಯೂ ಹಾಗೆಯೇ ಇತ್ತು. ಅಂಗೈಯಷ್ಟು ಅಗಲದ, ನೆಟ್ಟಗೆ ನಿಂತ ಕಿವಿಗಳು.

ಬೆಳೆದ ಮೇಲೆ ಅದು ನಮ್ಮ ಊರಿನ ಯಾವ ನಾಯಿಯ ಹಾಗೂ ಇರಲಿಲ್ಲ. ಹೊಸ ಹಂಚಿನ ಬಣ್ಣದ ಮೈ, ಎದೆಯಲ್ಲಿ ಬಿಳಿ ಮಚ್ಚೆ, ಬಾಲದ ತುದಿಯಲ್ಲಿ ಸುಣ್ಣದಲ್ಲಿ ಅದ್ದಿ ತೆಗೆದಂತೆ ಬಿಳಿ. ಕಾಲುಗಳು ಉದ್ದ, ಹೊಟ್ಟೆ ಒಳಗೆ, ಮೈಮೇಲೆ ಚೂರೂ ಕೊಬ್ಬಿಲ್ಲ. ಮೂಗು ನಾಯಿಗಳಿಗೆ ಇರುವ ಹಾಗೆ ಕಪ್ಪಲ್ಲ, ಮೈಯ ಬಣ್ಣದ್ದೇ. ಕಣ್ಣು ಜೇನಿನ ಬಣ್ಣ. ಬಿಸಿಲಿಗೆ ಹೆದರುತ್ತಿರಲಿಲ್ಲ, ಚಳಿಯಾದರೆ ನಡುಗುತ್ತಿತ್ತು. ಮಳೆಗಾಲದಲ್ಲಿ ಅಕ್ಕ ಗೋಣಿಚೀಲಕ್ಕೆ ಎರಡು ತೂತು ಮಾಡಿ ಅದಕ್ಕೆ ಅಂಗಿ ಹೊಲಿದಿದ್ದಳು. ಅಂಗಳದ ಸುತ್ತಿನ ಆಳೆತ್ತರದ ಮುರಕಲ್ಲಿನ ಪಾಗಾರ ಗೋಡೆಯನ್ನು ನಿಂತಲ್ಲಿಂದಲೇ ಹಾರುತ್ತಿತ್ತು. ಖುಷಿಯಾದರೆ ತುಟಿ ಮೇಲೆತ್ತಿ ಹಲ್ಲು ತೋರಿಸುತ್ತಿತ್ತು. ಅದನ್ನು ತಿಳಿಯದವರು ಹೆದರಿ ಹಿಂದೆ ಸರಿಯುತ್ತಿದ್ದರು.

ಇನ್ನೊಂದು ವಿಚಿತ್ರ ಗುಣವಿತ್ತು. ಅದಕ್ಕೆ ಉತ್ಸಾಹ ಬಂದಾಗ, ಇಲ್ಲವೆ ಯಾರಾದರೂ ಗದರಿದಾಗ, ಮೂಗು ಮತ್ತು ಕಿವಿಯ ಒಳಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಮನುಷ್ಯರ ಮುಖ ಕೆಂಪಾಗುವ ಹಾಗೆ. ಭಾವ ಅದನ್ನು ತೋರಿಸಿ ನನ್ನನ್ನು ಕೆಣಕುತ್ತಿದ್ದರು. "ನೋಡು ಮಾರಾಯ, ಈ ಮನೆಯಲ್ಲಿ ನಾಚಿಕೆ ಇರುವುದು ಇದಕ್ಕೊಂದಕ್ಕೇ."

ಆ ಜಾತಿಯ ಮೂಲದ ಬಗ್ಗೆ ಭಾವ ಹೇಳುತ್ತಿದ್ದದ್ದು ಹೀಗೆ. ಸಾವಿರಾರು ವರ್ಷಗಳ ಹಿಂದೆ ಈಜಿಪ್ಟಿನ ರಾಜರ ಗೋರಿಗಳ ಗೋಡೆಯಲ್ಲಿ ಇದೇ ಕಿವಿಯ, ಇದೇ ಬಾಲದ ನಾಯಿಗಳ ಚಿತ್ರ ಬರೆದಿದ್ದಾರೆ. ಅಲ್ಲಿಂದ ವ್ಯಾಪಾರಿಗಳ ಹಾಯಿಹಡಗು ಹತ್ತಿ ಇವು ಮಾಲ್ಟಾಕ್ಕೆ ಬಂದವು. ಹಡಗಿನ ಬಿಳಿ ದೊರೆಗಳು ಅವರಿಗೆ ಹೇಳಿದ ಕಥೆ ಅದು. ಮರಿ ಕೊಟ್ಟ ರೈತ ಮಾತ್ರ ಅದನ್ನು ಕೇಳಿ ನಕ್ಕಿದ್ದನಂತೆ. ನಮಗೆ ರಾಜರೂ ಗೊತ್ತಿಲ್ಲ, ಗೋರಿಯೂ ಗೊತ್ತಿಲ್ಲ, ಇದು ನನ್ನ ಅಜ್ಜನ ಅಜ್ಜನ ಹಟ್ಟಿಯಲ್ಲಿದ್ದ ಮೊಲದ ನಾಯಿ ಎಂದಿದ್ದನಂತೆ. ಅವರ ಭಾಷೆಯಲ್ಲಿ ಅದರ ಹೆಸರಿನ ಅರ್ಥವೂ ಅಷ್ಟೇ, ಮೊಲದ ನಾಯಿ. ಈಜಿಪ್ಟಿನ ಕಥೆಗೆ ಆಧಾರವಿಲ್ಲವೆಂದು ಈಗ ತಿಳಿದವರೂ ಹೇಳುತ್ತಾರೆಂದು ಕೇಳಿದ್ದೇನೆ. ಅದು ಏನೇ ಇರಲಿ, ಆ ರೈತ ಹೇಳಿದ್ದನ್ನು ನಾನು ಆಗಲೇ ಸರಿಯಾಗಿ ಕಿವಿಯಲ್ಲಿ ಹಾಕಿಕೊಳ್ಳಬೇಕಾಗಿತ್ತು.

ಯಾಕೆಂದರೆ ಬೇಟೆಯಲ್ಲಿ ಅದರ ಕೆಲಸವೇನು ಎನ್ನುವುದನ್ನೂ ಆತ ಭಾವನಿಗೆ ಹೇಳಿ ಕಳುಹಿಸಿದ್ದ. ಮಾಲ್ಟಾದ ಹೊಲಗಳ ನಡುವೆ ಉದ್ದಕ್ಕೂ ಕಲ್ಲಿನ ಕಟ್ಟೆಗಳು. ಆ ಕಟ್ಟೆಗಳ ಸಂದಿನಲ್ಲಿ ಮೊಲಗಳು ಬಿಲ ಮಾಡಿಕೊಂಡಿರುತ್ತವೆ. ನಾಯಿಯ ಕುತ್ತಿಗೆಗೆ ಗಂಟೆ ಕಟ್ಟಿ ಬಿಡುತ್ತಾರೆ. ಅದು ಮೂಸಿ, ನೋಡಿ, ಎಲ್ಲಕ್ಕಿಂತ ಹೆಚ್ಚಾಗಿ ಕಿವಿಗೊಟ್ಟು ಕೇಳಿ, ಯಾವ ಸಂದಿನಲ್ಲಿ ಮೊಲವಿದೆಯೋ ಅಲ್ಲಿ ನಿಂತು ಬೊಗಳುತ್ತದೆ. ಒಳಗೆ ಹೋಗುವುದು ಅದಲ್ಲ. ಅದಕ್ಕೆ ಮುಂಗುಸಿಯಂಥ ಬೇರೆ ಪ್ರಾಣಿಯನ್ನು ಸಾಕಿ ಚೀಲದಲ್ಲಿ ಒಯ್ದಿರುತ್ತಾರೆ. ಅದನ್ನು ಒಳಗೆ ಬಿಟ್ಟು ಹೊರಗೆ ಬಲೆ ಹಿಡಿಯುತ್ತಾರೆ.

"ಇದರ ಕೆಲಸ ತೋರಿಸಿ ಕೊಡುವುದು ಅಷ್ಟೇ," ಎಂದು ಭಾವ ಹಡಗಿಗೆ ಹೊರಡುವ ಮುನ್ನ ನನಗೆ ಹೇಳಿದ್ದರು. "ಇದರ ಚರ್ಮ ಕಾಗದದ ಹಾಗೆ. ಹಂದಿಗಿಂದಿ ಅಂತ ಯಾರಾದರೂ ಕರೆದರೆ ಬಿಡಬೇಡ. ಮಾಟೆಯೊಳಗೆ ಯಾವತ್ತೂ ದೂಡಬೇಡ. ನಿನ್ನ ಕೈಯಲ್ಲಿ ಕೊಟ್ಟು ಹೋಗ್ತಿದ್ದೇನೆ." ಮಾಟೆ ಎಂದರೆ ನಮ್ಮ ಕಡೆ ಬಿಲ.

ಆಗಲಿ ಎಂದೆ.

ಇನ್ನು ಸಾಹೇಬರ ವಿಷಯ. ನಲವತ್ತೈದರ ಹತ್ತಿರದ ಮನುಷ್ಯ, ಕುಳ್ಳಗೆ. ಹೆಗಲ ಮೇಲೆ ಕಾವಡಿ, ಅದರ ಎರಡು ತುದಿಗೆ ಮೀನಿನ ಬುಟ್ಟಿಗಳು. ಬೆಳಿಗ್ಗೆ ದಡದಲ್ಲಿ ಮೀನು ಕೊಂಡುಕೊಂಡು ನಮ್ಮ ಸಾಲಿನ ಮನೆಗಳಿಗೆ ಬರುತ್ತಿದ್ದರು. ಎಲ್ಲವೂ ಇಗರ್ಜಿಗೆ ಸೇರಿದ ಕ್ರಿಶ್ಚಿಯನ್ ಮನೆಗಳು. ಹೆಂಗಸರನ್ನು ಬಾಯಮ್ಮ ಎಂದೂ ಗಂಡಸರನ್ನು ಪೊರ್ಬುಗಳೇ ಎಂದೂ ಕರೆಯುತ್ತಿದ್ದರು. ನಾನು ಮೀಸೆ ಬಂದವನಾದರೂ ಅವರಿಗೆ ಸಣ್ಣ ಪೊರ್ಬು. ಅವರ ಕಾವಡಿ ತೂಗುವ ಸದ್ದು ನಮಗೆ ಕೇಳುವ ಎಷ್ಟೋ ಮೊದಲೇ ನಾಯಿಗೆ ಕೇಳುತ್ತಿತ್ತು. ತಲೆಯನ್ನು ಒಂದು ಬದಿಗೆ ವಾಲಿಸಿ ಪಾಗಾರದ ಬಳಿ ನಿಂತುಬಿಡುತ್ತಿತ್ತು.

ಸಾಹೇಬರು ಅಂಗಳಕ್ಕೆ ಬಂದ ಕೂಡಲೇ ಅದರಿಂದ ದೂರ ನಿಂತು ಹೇಳುವ ಮಾತು ಒಂದೇ. "ಮೂಗು ತಾಗಿಸಬೇಡ ಮಾರಾಯ, ನನಗೆ ನಮಾಜಿಗೆ ಹೋಗ್ಲಿಕ್ಕುಂಟು." ನಾಯಿಯ ಜೊಲ್ಲು ತಾಗಿದರೆ ಅವರಿಗೆ ಏಳು ಸಲ ತೊಳೆಯಬೇಕು, ಒಂದು ಸಲ ಮಣ್ಣಿನಲ್ಲಿ. ಹಾಗೆ ಹೇಳುತ್ತಲೇ ಎರಡೋ ಮೂರೋ ಬೂತಾಯಿ ಮೀನಿನ ತಲೆಯನ್ನು ಅದರ ಕಡೆಗೆ ಎಸೆಯುತ್ತಿದ್ದರು. ಒಂದು ದಿನವೂ ತಪ್ಪಿಸಿದವರಲ್ಲ. ಮೀನು ಸಿಗದ ದಿನವೂ ದಾರಿಯಲ್ಲಿ ಹೋಗುವಾಗ ನಿಂತು ಇವತ್ತು ಇಲ್ಲ ಎಂದು ಅದಕ್ಕೆ ಹೇಳಿ ಹೋಗುತ್ತಿದ್ದರು.

ಒಮ್ಮೆ ನಾಯಿ ಬುಟ್ಟಿಗೇ ಬಾಯಿ ಹಾಕಿ ಒಂದು ದೊಡ್ಡ ಬಂಗುಡೆಯನ್ನು ಕಚ್ಚಿಕೊಂಡು ಪಾಗಾರ ಹಾರಿತು. ನೆರೆಯ ಮೂರು ನಾಲ್ಕು ಹೆಂಗಸರು ಅಲ್ಲೇ ಇದ್ದರು. ಸಾಹೇಬರು ಸೊಂಟಕ್ಕೆ ಕೈಕೊಟ್ಟು ಹೇಳಿದರು, "ಬಾಯಮ್ಮ, ನಿಮ್ಮ ಈ ದೊರೆಗೆ ಒಂದು ದಿನ ನಾನೇ ಮೀನಿನಲ್ಲಿ ವಿಷ ಹಾಕಿ ಕೊಡ್ತೇನೆ, ನೋಡ್ತಾ ಇರಿ." ಎಲ್ಲರೂ ನಕ್ಕರು. ಅಕ್ಕ, ಆ ಬಂಗುಡೆಯನ್ನು ಈ ದೊರೆಯ ಸಂಬಳದಲ್ಲಿ ಹಿಡಿಯಿರಿ ಎಂದಳು. ಸಾಹೇಬರೂ ನಕ್ಕರು.

ವಿಷದ ಆ ಮಾತನ್ನು ನಾನು ನೆನಪಿನಲ್ಲಿಟ್ಟುಕೊಂಡೆ. ಯಾಕೆ ಎಂದು ಆಗ ಗೊತ್ತಿರಲಿಲ್ಲ.

ಭಾನುವಾರ ಪೂಜೆ ಮುಗಿಸಿ ನಾನು ನಾಯಿಯನ್ನು ಸೈಕಲ್ಲಿನ ಹಿಂದೆ ಓಡಿಸಿಕೊಂಡು ಮಣಿಪಾಲದ ಗುಡ್ಡೆಗೆ ಹೋಗುತ್ತಿದ್ದೆ. ಅಲ್ಲಿ ಕಾಲೇಜಿನ ಕಟ್ಟಡಗಳು ಆಗಷ್ಟೇ ಏಳುತ್ತಿದ್ದವು. ಉಳಿದದ್ದೆಲ್ಲ ಬೋಳು ಕಲ್ಲುಗುಡ್ಡೆ, ಅಲ್ಲಲ್ಲಿ ಕುರುಚಲು ಪೊದೆ, ಮೊಲ, ನರಿ. ನಮ್ಮ ಮೊಲಗಳಿಗೆ ಬಿಲವಿಲ್ಲ, ಹುಲ್ಲಿನಲ್ಲೇ ಮಲಗುತ್ತವೆ. ನಾಯಿ ಅದನ್ನು ಎರಡೇ ಭಾನುವಾರದಲ್ಲಿ ಕಲಿಯಿತು. ಹುಲ್ಲಿನ ಮೇಲೆ ಜಿಗಿಜಿಗಿದು ನೋಡಿ, ಮೊಲ ಎದ್ದ ಕೂಡಲೇ ನೆಲಕ್ಕೆ ತಾಗದಂತೆ ಓಡುತ್ತಿತ್ತು. ಕಾರ್ಖಾನೆಯ ಜನ ನೋಡಲು ಬರತೊಡಗಿದರು. ರೈಟರರ ನಾಯಿ ಎಂದರು. ಅದು ಭಾವನ ನಾಯಿ ಎಂದು ನಾನು ತಿದ್ದಲಿಲ್ಲ.

ಕಾರ್ಖಾನೆಯ ಒಲೆಗಳಿಗೆ ಸೌದೆ ಬರುತ್ತಿದ್ದದ್ದು ಕಾರ್ಕಳದ ಕಡೆಯಿಂದ. ಸೌದೆಯ ಕಂಟ್ರಾಕ್ಟರರು ಆ ಊರಿನ ದೊಡ್ಡ ಮನೆತನದವರು. ಅವರೂ ಒಂದು ಭಾನುವಾರ ಗುಡ್ಡೆಗೆ ಬಂದು ನಾಯಿಯ ಓಟ ನೋಡಿದರು. ಹೊರಡುವಾಗ, ಕೆಡ್ಡಸಕ್ಕೆ ನಮ್ಮಲ್ಲಿಗೆ ಬರಬೇಕು ರೈಟರೇ, ನಾಯಿಯನ್ನು ಕರೆದುಕೊಂಡೇ ಬರಬೇಕು ಎಂದರು.

ಕೆಡ್ಡಸವೆಂದರೆ ಚಳಿಯ ಕೊನೆಗೆ ಬರುವ ಮೂರು ದಿನ. ಭೂಮಿತಾಯಿ ಮುಟ್ಟಾಗುವ ದಿನಗಳೆಂದು ತುಳುವರು ಆ ಮೂರು ದಿನ ಮಣ್ಣಿಗೆ ಗುದ್ದಲಿ ತಾಗಿಸುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ. ಹೊಲದ ಕೆಲಸವಿಲ್ಲದ ಗಂಡಸರು ಗುಂಪು ಕಟ್ಟಿ ಬೇಟೆಗೆ ಹೋಗುತ್ತಾರೆ. ಅವರ ಊರಿನ ಪದ್ಧತಿಯಂತೆ, ಬೇಟೆಯ ಮಾಂಸ ಹಂಚುವಾಗ ಮೊದಲು ತೆಗೆದಿಡುವುದು ನಾಯಿಯ ಪಾಲು. ಪ್ರಾಣಿಯ ಮೇಲೆ ಮೊದಲು ಹೋದ ನಾಯಿ ಯಾವುದೋ ಅದರ ಯಜಮಾನನಿಗೆ ಒಂದು ಹಿಂದಿನ ತೊಡೆ. ಅದನ್ನು ಊರವರ ಎದುರು ಹೆಸರು ಕರೆದು ಕೊಡುತ್ತಾರೆ. ಕಂಟ್ರಾಕ್ಟರರ ಅಂಗಳದಲ್ಲಿ ನನ್ನ ಹೆಸರು ಕರೆಯುವುದನ್ನು ನಾನು ಒಂದು ತಿಂಗಳ ಮೊದಲೇ ಮನಸ್ಸಿನಲ್ಲಿ ಕೇಳುತ್ತಿದ್ದೆ.

ಆ ವರ್ಷ ಕೆಡ್ಡಸದ ಒಂದು ದಿನ ಭಾನುವಾರಕ್ಕೆ ಬಂತು. ಅಕ್ಕ ಶನಿವಾರವೇ ಅಲೆವೂರಿಗೆ ಹೋದಳು, ಸಂಬಂಧಿಕರ ಮಗುವಿನ ಜ್ಞಾನಸ್ನಾನಕ್ಕೆ. ಭಾನುವಾರ ಸಂಜೆ ಬರುತ್ತೇನೆ, ನಾಯಿಗೆ ಗಂಜಿ ಹಾಕು ಎಂದು ಹೇಳಿ ಹೋದಳು. ನಾನು ಪೂಜೆಗೆ ಹೋಗದೆ ಬೆಳಗಾಗುತ್ತಲೇ ನಾಯಿಯೊಂದಿಗೆ ಉದ್ಯಾವರಕ್ಕೆ ನಡೆದು, ಕಾರ್ಕಳಕ್ಕೆ ಖಾಲಿ ಹೋಗುವ ಸೌದೆ ಲಾರಿ ಹತ್ತಿದೆ. ಡ್ರೈವರ್ ನನ್ನ ಪರಿಚಯದವನೇ. ನಾಯಿಯ ಕುತ್ತಿಗೆಗೆ ಭಾವ ಮಾಲ್ಟಾದಿಂದ ತಂದ ಹಿತ್ತಾಳೆಯ ಗಂಟೆಯನ್ನು ಕಟ್ಟಿದ್ದೆ. ದಾರಿಯುದ್ದಕ್ಕೂ ಅದು ಲಾರಿಯ ಬಾಗಿಲಿನಿಂದ ತಲೆ ಹೊರಗೆ ಹಾಕಿ ಗಾಳಿ ಮೂಸುತ್ತಿತ್ತು.

ಕಾರ್ಕಳದ ಆಚೆ ಆನೆಗಳು ಮಲಗಿದ ಹಾಗೆ ಕರಿಬಂಡೆಗಳ ಒಂದು ಗುಡ್ಡ. ಇಪ್ಪತ್ತು ಮೂವತ್ತು ಗಂಡಸರು, ಹತ್ತು ಹನ್ನೆರಡು ಊರ ನಾಯಿಗಳು. ಮಧ್ಯಾಹ್ನದವರೆಗೆ ಏನೂ ಸಿಗಲಿಲ್ಲ. ಆಮೇಲೆ ಬಂಡೆಗಳ ಬುಡದಲ್ಲಿ ನಮ್ಮ ನಾಯಿ ನಿಂತಿತು. ತಲೆಯನ್ನು ಎಡಕ್ಕೆ ವಾಲಿಸಿತು, ಬಲಕ್ಕೆ ವಾಲಿಸಿತು. ಮುಂಗಾಲು ಎತ್ತಿ, ಒಂದೇ ಕಡೆಗೆ ನೋಡುತ್ತ ಬೊಗಳತೊಡಗಿತು. ಅಲ್ಲೊಂದು ಮಾಟೆ. ಮಾಟೆಯ ಬಾಯಿಯಲ್ಲಿ ಮುಳ್ಳುಹಂದಿಯ ಎರಡು ಮುಳ್ಳು ಬಿದ್ದಿದ್ದವು. ಆ ಹತ್ತು ಹನ್ನೆರಡು ನಾಯಿಗಳು ಅದೇ ಜಾಗವನ್ನು ಮೂಸಿ ಮುಂದೆ ಹೋಗಿದ್ದವು. ನಮ್ಮದು ಮಾತ್ರ ಕೇಳಿಸಿಕೊಂಡಿತ್ತು. ಅದರ ಕೆಲಸ ಅಲ್ಲಿಗೆ ಮುಗಿದಿತ್ತು. ಮಾಲ್ಟಾದ ರೈತನಾಗಿದ್ದರೆ ಬೆನ್ನು ತಟ್ಟಿ ಹಿಂದಕ್ಕೆ ಕರೆಯುತ್ತಿದ್ದ.

ಬೇರೆ ದಿನವಾಗಿದ್ದರೆ ಮುಳ್ಳುಹಂದಿಯನ್ನು ಅಗೆದು ತೆಗೆಯುತ್ತಿದ್ದರು. ಅದು ಕೆಡ್ಡಸ, ಮಣ್ಣು ಅಗೆಯುವಂತಿಲ್ಲ. ಹಾಗಾಗಿ ಬಂಡೆಯ ಆಚೆ ಬದಿಗಿದ್ದ ಮಾಟೆಯ ಹಿಂದಿನ ಬಾಯಿಯಲ್ಲಿ ಒಣ ತೆಂಗಿನ ಸಿಪ್ಪೆಗೆ ಬೆಂಕಿ ಕೊಟ್ಟು, ಒಂದು ಹಿಡಿ ಒಣಮೆಣಸು ಹಾಕಿ ಹೊಗೆ ಬಿಡುವುದೆಂದು ಆಯಿತು. ಆಗ ಯಾರೋ, ಹೊಗೆಗೆ ತಾನಾಗಿ ಬಂದರೆ ಅದು ಯಾವ ನಾಯಿಯ ಪಾಲೂ ಅಲ್ಲ ಎಂದರು. ಕಂಟ್ರಾಕ್ಟರರು ನನ್ನ ಕಡೆ ನೋಡಿ ನಕ್ಕರು. "ಎಂತ ರೈಟರೇ, ನಿಮ್ಮ ವಿಲಾಯಿತಿ ನಾಯಿ ಬಾಗಿಲಲ್ಲಿ ನಿಂತು ಬೊಗಳಲಿಕ್ಕೆ ಮಾತ್ರವಾ?"

ಎಲ್ಲರೂ ನಕ್ಕರು. ನಾನು ನಾಯಿಯ ಹತ್ತಿರ ಹೋಗಿ ಒಳಗೆ ಹೋಗು ಎಂದೆ. ಅದು ಹೋಗಲಿಲ್ಲ. ಹಿಂದೆ ತಿರುಗಿ ನನ್ನ ಮುಖ ನೋಡಿತು. ಮೂಗು ಕೆಂಪಾಗಿತ್ತು, ಕಿವಿಗಳು ಹಿಂದಕ್ಕೆ ಮಲಗಿದ್ದವು. ಇನ್ನೊಮ್ಮೆ ಹೇಳಿದೆ. ಅದು ಕುಳಿತುಬಿಟ್ಟಿತು. ಆಗ ನಾನು ಕುತ್ತಿಗೆಯ ಹಗ್ಗ ಹಿಡಿದು ತಲೆಯನ್ನು ಮಾಟೆಯ ಬಾಯಿಗೆ ತಂದು, ಹಿಂದಿನಿಂದ ಕಾಲಿನಲ್ಲಿ ದೂಡಿದೆ. ಎರಡು ಸಲ ದೂಡಿದೆ. ಅದು ಹೋಯಿತು. ಬಾಲದ ಬಿಳಿ ತುದಿ ಕಾಣಿಸುವುದು ನಿಂತ ಮೇಲೆ ಗಂಟೆಯ ಸದ್ದು ಮಾತ್ರ ಒಳಗಿನಿಂದ ಕೇಳುತ್ತಿತ್ತು.

ಹಿಂದಿನ ಬಾಯಿಯಲ್ಲಿದ್ದವರಿಗೆ ನಾಯಿ ಒಳಗೆ ಹೋದದ್ದು ಗೊತ್ತಾಗಲಿಲ್ಲ. ಅವರು ಹೊಗೆ ಬಿಟ್ಟರು.

ಒಳಗೆ ಏನಾಯಿತೆಂದು ನಾನು ನೋಡಲಿಲ್ಲ, ಕೇಳಿದೆ. ಮೊದಲು ಗಂಟೆ ಜೋರಾಗಿ ಅಲುಗಾಡಿತು. ಆಮೇಲೆ ಆ ನಾಯಿಯ ಬಾಯಿಂದ ನಾನು ಯಾವತ್ತೂ ಕೇಳದ ಒಂದು ಸ್ವರ ಬಂತು. ಮುಳ್ಳುಹಂದಿ ಹಿಮ್ಮುಖವಾಗಿ ನುಗ್ಗಿ ಹೊರಬಂತು, ದೊಣ್ಣೆಗಳು ಬಿದ್ದವು. ಅದರ ಹಿಂದೆ ನಾಯಿ ತೆವಳಿಕೊಂಡು ಬಂತು. ಎದೆಯಲ್ಲಿ, ಗಂಟಲಲ್ಲಿ, ಬಾಯಿಯೊಳಗೆ ಮುಳ್ಳುಗಳು. ಒಂದು ಕಣ್ಣು ಹೋಗಿತ್ತು. ಅದು ನೇರವಾಗಿ ನನ್ನ ಹತ್ತಿರವೇ ಬಂದು ಕಾಲಿನ ಮೇಲೆ ಗಲ್ಲ ಇಟ್ಟಿತು. ನಾನು ಒಂದು ಮುಳ್ಳು ಕಿತ್ತೆ, ರಕ್ತ ಚಿಮ್ಮಿತು. ಮತ್ತೆ ಕೀಳಲು ಧೈರ್ಯವಾಗಲಿಲ್ಲ. ಬಹಳ ಹೊತ್ತು ತೆಗೆದುಕೊಂಡಿತು ಸಾಯಲು. ಆ ಹೊತ್ತನ್ನು ಅಳೆದು ಹೇಳಲಾರೆ. ಅಷ್ಟರಲ್ಲಿ ಅವರು ಮುಳ್ಳುಹಂದಿಯನ್ನು ಸುಟ್ಟು, ಕೊಯ್ದು, ಪಾಲು ಹಾಕಿ ಮುಗಿಸಿದ್ದರು.

ಹೂಳಲು ಒಂದು ಗುದ್ದಲಿ ಕೇಳಿದೆ. ಕಂಟ್ರಾಕ್ಟರರು ಇವತ್ತು ಮಣ್ಣು ಅಗೆಯಬಾರದು ರೈಟರೇ ಎಂದು ಮೆತ್ತಗೆ ಹೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ಹತ್ತಿರದಲ್ಲಿ ಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಕೋರೆ ಇತ್ತು. ಡ್ರೈವರ್ ಮತ್ತು ನಾನು ನಾಯಿಯನ್ನು ಅದರ ಮೂಲೆಯಲ್ಲಿಟ್ಟು ಕಲ್ಲು ಪೇರಿಸಿದೆವು. ಗಂಟೆಯನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡೆ. ಹೊರಡುವಾಗ ಅಂಗಳದಲ್ಲಿ ನನ್ನ ಹೆಸರು ಕರೆದು ಬಾಳೆಯೆಲೆಯಲ್ಲಿ ಕಟ್ಟಿದ ಹಿಂದೊಡೆಯನ್ನು ಕೊಟ್ಟರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಲಾರಿಯಲ್ಲಿ ಬರುವಾಗ ಭಾವನಿಗೆ ಏನು ಹೇಳುವುದೆಂದು ನಾನು ಯೋಚಿಸುತ್ತಿದ್ದೆ. ಶಿರ್ವ ದಾಟುವಷ್ಟರಲ್ಲಿ ಮೀನಿನ ಸಾಹೇಬರ ಆ ತಮಾಷೆಯ ಮಾತು ನೆನಪಾಯಿತು.

ಅಕ್ಕ ಬಂದಾಗ ಕತ್ತಲಾಗುತ್ತಿತ್ತು. ನಾನು ಬೇಟೆಗೆ ಹೋಗಿದ್ದೆ, ನಾಯಿಯನ್ನು ಮನೆಯಲ್ಲೇ ಕಟ್ಟಿ ಹೋಗಿದ್ದೆ, ಬಂದು ನೋಡಿದರೆ ಅಂಗಳದಲ್ಲಿ ಸತ್ತು ಬಿದ್ದಿತ್ತು, ಬಾಯಲ್ಲಿ ನೊರೆ ಇತ್ತು, ನೀನು ನೋಡಬಾರದೆಂದು ಸಮುದ್ರದ ದಡದ ಹೊಯಿಗೆಯಲ್ಲಿ ಹೂತೆ ಎಂದೆ. ಅವಳು ಮೆಟ್ಟಿಲ ಮೇಲೆ ಕುಳಿತಳು. ಯಾರು ಹೀಗೆ ಮಾಡುವವರು ಎಂದಳು. ನಾನು ಹೇಳಿದೆ, "ಬೆಳಿಗ್ಗೆ ಹೊರಡುವಾಗ ಸಾಹೇಬರು ಅದಕ್ಕೆ ಎಂತದೋ ಹಾಕ್ತಾ ಇದ್ದರು. ನಾನು ನೋಡಿದ್ದೇನೆ."

ಅವರು ಅದಕ್ಕೆ ಮೀನಿನ ತಲೆ ಹಾಕುವುದನ್ನು ನಾನು ನೂರು ದಿನ ನೋಡಿದ್ದೆ. ಅದರಲ್ಲಿ ಒಂದು ದಿನವನ್ನು ತಂದು ಆ ಭಾನುವಾರಕ್ಕೆ ಇಟ್ಟೆ.

ನಾನು ತಂದ ಹಿಂದೊಡೆಯ ಮಾಂಸ ಹಾಳಾಗಬಾರದೆಂದು ಅಕ್ಕ ಅದನ್ನು ಬೇಯಿಸಿದಳು. ಅಳುತ್ತಲೇ ಬೇಯಿಸಿದಳು. ನಾನು ಉಂಡೆ. ಎರಡನೆಯ ಸಲ ಬಡಿಸಿದಾಗ ಸಾಕು ಎನ್ನಲೂ ಹೆದರಿಕೆಯಾಗಿ ಅದನ್ನೂ ಉಂಡೆ.

ಅಕ್ಕನಿಗೆ ಓದು ಬರಹ ಅಷ್ಟಾಗಿ ಬರುತ್ತಿರಲಿಲ್ಲ. ಭಾವನಿಗೆ ಹೋಗುವ ಪತ್ರಗಳನ್ನು ಅವಳು ಹೇಳಿದಂತೆ ಬರೆಯುವವನು ನಾನೇ. ಆ ಪತ್ರವನ್ನೂ ನಾನೇ ಬರೆದೆ. ಅವಳು ಹೇಳಿದ್ದು ಇಷ್ಟೇ, ನಾಯಿ ಸತ್ತಿತು, ಯಾರೋ ವಿಷ ಹಾಕಿದ್ದಾರೆ, ಸಾಹೇಬರ ಮೇಲೆ ಸಂಶಯ ಉಂಟು ಎಂದು. ಸಂಶಯ ಎಂಬ ಶಬ್ದವನ್ನು ನಾನು ಬಿಟ್ಟೆ. ಕಣ್ಣಾರೆ ಕಂಡಿದ್ದೇನೆ ಎಂದು ಬರೆದೆ.

ವಾರದೊಳಗೆ ಸಾಲಿನ ಎಲ್ಲ ಮನೆಗಳಿಗೂ ಸುದ್ದಿ ಮುಟ್ಟಿತು. ನಾನು ಯೋಚಿಸಿದ್ದದ್ದು ನಮ್ಮ ಒಂದು ಮನೆಯ ಕೋಪವನ್ನು ಮಾತ್ರ. ಆದರೆ ಮೀನಿನಲ್ಲಿ ವಿಷ ಹಾಕುವವನೆಂದು ಹೆಸರಾದವನ ಕೈಯಿಂದ ಮೀನು ಯಾರು ತೆಗೆದುಕೊಳ್ಳುತ್ತಾರೆ? ತಮಾಷೆಯ ಮಾತಿಗೆ ಅಂದು ನಕ್ಕಿದ್ದ ಹೆಂಗಸರೇ ಈಗ ಅದಕ್ಕೆ ಸಾಕ್ಷಿಯಾದರು. ಆಮೇಲೆ ಹಿಂದೂಗಳ ಮನೆಗಳೂ ಕೊಳ್ಳುವುದನ್ನು ನಿಲ್ಲಿಸಿದವು, ಸಾಹೇಬರದೇ ಜನರ ಕೆಲವು ಮನೆಗಳೂ ನಿಲ್ಲಿಸಿದವು. ಸಾಹೇಬರು ಕೆಲವು ದಿನ ಪ್ರತಿ ಮನೆಯ ಮುಂದೆ ನಿಂತು ಕರೆದು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅದೇ ತುಂಬಿದ ಬುಟ್ಟಿಗಳನ್ನು ಹೊತ್ತು ವಾಪಸು ಹೋಗುತ್ತಿದ್ದರು.

ಪಾಸ್ಖ ಹಬ್ಬದ, ಅಂದರೆ ಈಸ್ಟರಿನ ಮೊದಲು ಪಾಪನಿವೇದನೆಗೆ ಹೋದಾಗ ನಮ್ಮ ಪಾದ್ರಿಗಳಿಗೆ ಎಲ್ಲವನ್ನೂ ಹೇಳಿದೆ. ಅವರು, "ಎಲ್ಲಿ ನಿಂತು ಸುಳ್ಳು ಹೇಳಿದೆಯೋ ಅಲ್ಲೇ ನಿಂತು ನಿಜ ಹೇಳು. ಹೇಳಿ ಆದ ಮೇಲೆ ಇಲ್ಲಿಗೆ ಬಾ" ಎಂದರು. ಹೇಳುತ್ತೇನೆ ಎಂದು ಒಪ್ಪಿ ಎದ್ದೆ. ಹೇಳಲಿಲ್ಲ. ಮುಂದಿನ ಸಲ ಉಡುಪಿಗೆ ಹೋಗಿ, ನನ್ನ ಗುರುತಿಲ್ಲದ ಬೇರೆ ಪಾದ್ರಿಗಳ ಎದುರು ಮೊಣಕಾಲೂರಿ, ಸುಳ್ಳು ಹೇಳಿದ್ದೇನೆ ಎಂದಷ್ಟೇ ಹೇಳಿದೆ. ಮೂರು ಜಪ ಹೇಳಲು ಕೊಟ್ಟರು. ಹೇಳಿ ಮನೆಗೆ ಬಂದು ಊಟ ಮಾಡಿದೆ. ಹೀಗೆ ಎಷ್ಟೋ ವರ್ಷ ಮಾಡಿದ್ದೇನೆ.

ಆ ವರ್ಷದ ಕ್ರಿಸ್ಮಸ್ಸಿಗೆ ಭಾವ ಬಂದರು. ನಾಯಿಯ ಗೋಣಿ ಅಂಗಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತರು. ಗಂಟೆ ಎಲ್ಲಿ ಎಂದು ಕೇಳಿದರು. ಅದರ ಜೊತೆಗೇ ಹೂತೆ ಎಂದೆ. ಅದು ನನ್ನ ಪೆಟ್ಟಿಗೆಯಲ್ಲಿತ್ತು.

ಮರುದಿನ ಸಾಹೇಬರು ಬುಟ್ಟಿಗಳೊಂದಿಗೆ ನಮ್ಮ ಮನೆಯ ಮುಂದಿನ ದಾರಿಯಲ್ಲಿ ಹೋಗುತ್ತಿದ್ದರು. ಈಗ ಅವರು ಈ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಭಾವ ಅವರನ್ನು ಅಂಗಳಕ್ಕೆ ಕರೆದರು. ಬಂದರು. ಭಾವ ಎರಡೂ ಬುಟ್ಟಿಗಳನ್ನು ಕಾಲಿನಿಂದ ಮಗುಚಿದರು. ಮೀನು ಮಣ್ಣಿನಲ್ಲಿ ಹರಡಿತು. ನೆರೆಯವರೆಲ್ಲ ಪಾಗಾರದ ಬಳಿ ಸೇರಿದ್ದರು.

ಸಾಹೇಬರು ಹೇಳಿದರು, "ಪೊರ್ಬುಗಳೇ, ಹುಟ್ಟಿಸಿದ ದೇವರ ಮೇಲಾಣೆ, ನಾನು ಹಾಕಲಿಲ್ಲ. ಹಾಕ್ಲಿಕ್ಕೆ ಅದು ನನಗೆ ಎಂತ ಮಾಡಿದೆ?"

"ಬಂಗುಡೆ ಕದ್ದದ್ದಕ್ಕೆ ವಿಷ ಹಾಕ್ತೇನೆ ಅಂತ ನೀನೇ ಹೇಳಿದ್ದಲ್ಲವಾ, ಇವರೆಲ್ಲರ ಎದುರು?"

"ಹೇಳಿದ್ದೇನೆ. ಹಾಕಿದ್ದು ನೋಡಿದವರು ಯಾರು?"

ಭಾವ ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಸಾಹೇಬರೂ ನೋಡಿದರು. ಅವರ ಮುಖದಲ್ಲಿ ಒಂದು ರೀತಿಯ ಸಮಾಧಾನ ಬಂದದ್ದನ್ನು ನಾನು ಕಂಡೆ. ಸಣ್ಣ ಪೊರ್ಬು ನಿಜ ಹೇಳುತ್ತಾನೆ, ಇನ್ನು ಇದು ಮುಗಿಯುತ್ತದೆ ಎಂದು ಅವರು ನಂಬಿದ್ದರು.

"ನಾನು ನೋಡಿದ್ದೇನೆ," ಎಂದೆ.

ಅವರು ಕುಕ್ಕರುಗಾಲಿನಲ್ಲಿ ಕುಳಿತು ಮಣ್ಣಾದ ಮೀನುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿಕೊಂಡರು. ಅದಕ್ಕೆ ಬಹಳ ಸಮಯ ಹಿಡಿಯಿತು. ಯಾರೂ ಕೈ ಹಾಕಲಿಲ್ಲ. ಯಾರೂ ಹೋಗಲೂ ಇಲ್ಲ.

ಮುಂದಿನ ಬೇಸಗೆಯಲ್ಲಿ ಅವರು ನಮ್ಮ ಕಾರ್ಖಾನೆಗೆ ಸೌದೆ ಹೊರಲು ಬಂದರು. ಲಾರಿಯಿಂದ ಒಲೆಯವರೆಗೆ ತಲೆಹೊರೆ. ಇಪ್ಪತ್ತರ ಹುಡುಗರು ಮಾಡುವ ಕೆಲಸ. ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ಹೆಸರು ಕರೆಯುವವನು ನಾನು. ಯಾರನ್ನು ಇಟ್ಟುಕೊಳ್ಳಬೇಕು, ಯಾರು ನಾಳೆ ಬರಬೇಕಾಗಿಲ್ಲ ಎಂದು ಮೇಸ್ತ್ರಿ ಕೇಳುವುದೂ ನನ್ನನ್ನೇ. ಅವರು ಸಾಲಿನಲ್ಲಿ ನಿಂತು, ನಾನು ಹೆಸರು ಕರೆದಾಗ ಕೈ ಎತ್ತುತ್ತಿದ್ದರು. ಪೊರ್ಬುಗಳೇ ಎನ್ನುತ್ತಿರಲಿಲ್ಲ. ಎಲ್ಲರ ಹಾಗೆ ರೈಟರೇ ಎನ್ನುತ್ತಿದ್ದರು.

ಅವರು ಸೌದೆ ಇಳಿಸುತ್ತಿದ್ದದ್ದು ಕೆಡ್ಡಸದ ದಿನ ನಾನು ಹತ್ತಿದ ಅದೇ ಲಾರಿಯಿಂದ. ಅದೇ ಡ್ರೈವರ್. ಇದು ನನಗೆ ಮೊದಲ ದಿನವೇ ಹೊಳೆಯಿತು. ಪ್ರತಿದಿನ ಇಬ್ಬರೂ ಒಟ್ಟಿಗೆ ಬೀಡಿ ಸೇದುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೀರಿನ ಮಡಕೆಯ ಬಳಿ ಸಾಹೇಬರು ನನ್ನ ಪಕ್ಕದಲ್ಲಿ ನಿಂತರು. ನೀರು ಕುಡಿದು, ಬಾಯಿ ಒರೆಸಿಕೊಂಡು ಹೇಳಿದರು, "ಕಾರ್ಕಳದಲ್ಲಿ ಮುಳ್ಳುಹಂದಿ ಜಾಸ್ತಿ ಅಂತೆ, ಅಲ್ವಾ ಪೊರ್ಬುಗಳೇ?"

ಅಷ್ಟೇ. ಉತ್ತರಕ್ಕೆ ಕಾಯದೆ ಹೊರೆಯ ಕಡೆಗೆ ಹೋದರು.

ಅಂದು ಸಂಜೆ ಅವರು ಅಕ್ಕನ ಹತ್ತಿರ ಹೇಳಲು ಮನೆಗೆ ಬರುತ್ತಾರೆಂದು ಕಾದೆ. ಬರಲಿಲ್ಲ. ಮರುದಿನವೂ ಬರಲಿಲ್ಲ. ಆಗ ನನಗೆ ಅರ್ಥವಾಯಿತು. ಅವರ ಮನೆಯ ಗಂಜಿ ನನ್ನ ಪುಸ್ತಕದಲ್ಲಿತ್ತು. ನಿಜ ಹೇಳಿದರೆ ಇದ್ದ ಒಂದು ಕೆಲಸವೂ ಹೋಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಹಾಗೆ ಮಾಡುವುದಿಲ್ಲವೆಂದು ನಾನು ಅವರಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ. ಅವರ ಹೆದರಿಕೆ ನನಗೆ ಅನುಕೂಲವಾಗಿತ್ತು. ಅವರನ್ನು ನೆರಳಿನ ಕೆಲಸಕ್ಕೆ ಹಾಕುವಂತೆ ಮೇಸ್ತ್ರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ನನಗೆ ಹೊರೆಯೇ ಸಾಕು ಎಂದರಂತೆ.

ಏಳು ಮಳೆಗಾಲ ಅವರು ಹೊತ್ತರು. ಎಂಟನೆಯ ವರ್ಷ ಕೆಮ್ಮು ಹಿಡಿಯಿತು. ಒಂದು ಸೋಮವಾರ ಹೆಸರು ಕರೆದಾಗ ಕೈ ಏಳಲಿಲ್ಲ. ಆ ವಾರದ ಕೊನೆಗೆ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಗೀಟು ಎಳೆದವನೂ ನಾನೇ. ಭಾವ ಮುಂದೆ ಇಪ್ಪತ್ತು ವರ್ಷ ಬದುಕಿದರು. ಬೇರೆ ನಾಯಿ ಸಾಕಲಿಲ್ಲ. ಸಾಯುವವರೆಗೆ ಅವರು ನಂಬಿದ್ದು ನನ್ನ ಪತ್ರವನ್ನು.

ಕಳೆದ ಮಳೆಗಾಲದಲ್ಲಿ ನಾನು ಕಾಯಿಲೆ ಬಿದ್ದು ಎದ್ದೆ. ಎದ್ದ ಮೇಲೆ ಗಂಟೆಯನ್ನು ತೆಗೆದುಕೊಂಡು ಅಕ್ಕನ ಹತ್ತಿರ ಹೋದೆ. ಅವಳಿಗೆ ತೊಂಬತ್ತು ದಾಟಿದೆ, ಕಣ್ಣು ಮಂಜು. ಗಂಟೆಯನ್ನು ಕೈಯಲ್ಲಿಟ್ಟಾಗ ಅಲುಗಾಡಿಸಿ ಕೇಳಿದ ಕೂಡಲೇ ಗುರುತು ಹಿಡಿದಳು. ನಾನು ಎಲ್ಲವನ್ನೂ ಹೇಳಿದೆ.

"ಹಾಗಾದರೆ ಅವತ್ತು ನಾನು ಬೇಯಿಸಿದ ಆ ಮಾಂಸ?" ಎಂದಳು.

"ಹೌದು, ನಾಯಿಯ ಪಾಲು," ಎಂದೆ.

ಅವಳು ಗಂಟೆಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು. "ನನ್ನ ಹತ್ತಿರ ಹೇಳಿ ಎಂತ ಪ್ರಯೋಜನ? ಸಾಹೇಬರ ಮನೆಯವರು ಯಾರಾದರೂ ಇದ್ದಾರಾ ನೋಡು. ಅಲ್ಲಿಗೆ ಹೋಗು" ಎಂದಳು. ನಾನು ಹೊರಡುವಾಗ ಮುಖ ಎತ್ತಲಿಲ್ಲ.

ಸಾಹೇಬರ ಮಗಳು ಉದ್ಯಾವರದಲ್ಲಿ ಇದ್ದರು. ಎಪ್ಪತ್ತರ ಮೇಲಿನವರು. ಚಾವಡಿಯಲ್ಲಿ ಕುರ್ಚಿ ಹಾಕಿಸಿದರು. ನಾನು ಕುಳಿತುಕೊಳ್ಳದೆ, ನಿಂತೇ ಹೇಳಿದೆ. ಮುಗಿದ ಮೇಲೆ, "ಬಾಪ ನಮಗೆ ಹೇಳಿದ್ದಾರೆ. ಲಾರಿಯವರು ಹೇಳಿದ್ದಂತೆ. ಹೊರಗೆ ಎಲ್ಲೂ ಹೇಳಬಾರದು ಅಂತಲೂ ಹೇಳಿದ್ದರು" ಎಂದರು. ಆಮೇಲೆ ಹೇಳಿದರು, "ನನ್ನ ಮದುವೆಯ ಮಾತಿಗೆ ಬಂದವರು ಕೇಳಿದ್ದಾರೆ, ಇದು ಆ ವಿಷದ ಮೀನಿನವರ ಮನೆಯಾ ಅಂತ. ಎರಡು ಕಡೆಯವರು ಹಾಗೆ ಕೇಳಿ ಎದ್ದು ಹೋಗಿದ್ದಾರೆ."

ನಾನು ಏನು ಮಾಡಬೇಕು ಹೇಳಿ ಎಂದೆ. ಕಾಪುವಿನ ಆ ಅಂಗಳದಲ್ಲೇ ನಿಂತು ಹೇಳುತ್ತೇನೆ ಎಂದೆ.

"ಯಾರ ಹತ್ತಿರ ಹೇಳ್ತೀರಿ? ಆ ಕಾಲದವರು ಯಾರಿದ್ದಾರೆ ಈಗ?"

ನಾನು ಲೆಕ್ಕ ಹಾಕಿದೆ. ಪಾಗಾರದ ಬಳಿ ನಿಂತಿದ್ದವರಲ್ಲಿ ಅಕ್ಕನನ್ನು ಬಿಟ್ಟರೆ ಯಾರೂ ಉಳಿದಿಲ್ಲ. ಆ ಪಾಗಾರವೂ ರಸ್ತೆ ಅಗಲ ಮಾಡುವಾಗ ಹೋಗಿದೆ.

"ಅವತ್ತು ಪತ್ರ ಬರೆದದ್ದು ನೀವೇ ಅಲ್ವಾ?" ಎಂದರು ಅವರು. "ಹಾಗಾದರೆ ಇದನ್ನೂ ಬರೆಯಿರಿ. ಹೆಸರು ಬೇಡ. ನಮ್ಮ ಹೆಸರೂ ಬೇಡ, ನಿಮ್ಮದೂ ಬೇಡ. ಓದಬೇಕಾದವರಿಗೆ ಗೊತ್ತಾಗ್ತದೆ."

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಬಾಗಿಲವರೆಗೆ ಬಂದು, ಮೆಟ್ಟಿಲು ಎತ್ತರ ಉಂಟು, ನೋಡಿ ಇಳಿಯಿರಿ ಎಂದರು.

ಆದ್ದರಿಂದ ಬರೆಯುತ್ತಿದ್ದೇನೆ. ಆ ಭಾನುವಾರ ಬೆಳಿಗ್ಗೆ ಮೀನಿನ ಸಾಹೇಬರು ನಮ್ಮ ಅಂಗಳದಲ್ಲಿ ಇರಲಿಲ್ಲ. ಅವರು ಯಾವ ದಿನವೂ ಯಾವ ಮೀನಿನಲ್ಲೂ ಏನನ್ನೂ ಹಾಕಿದವರಲ್ಲ. ನಾಯಿ ಸತ್ತದ್ದು ಕಾರ್ಕಳದ ಗುಡ್ಡದಲ್ಲಿ, ಒಳಗೆ ಹೋಗಲಾರೆನೆಂದು ಕುಳಿತ ಮೇಲೆ ನಾನು ಎರಡು ಸಲ ಕಾಲಿನಿಂದ ದೂಡಿದ್ದರಿಂದ. ಪತ್ರದಲ್ಲಿ ಕಣ್ಣಾರೆ ಕಂಡಿದ್ದೇನೆ ಎಂದು ಬರೆದವನು ನಾನು. ನಾನು ಕಂಡಿರಲಿಲ್ಲ.